ನೀವು ಗೋಡೆಯಾಚೆ ಪೆಪ್ಪರಮೆಂಟು ಕೊಟ್ಟ ಮಕ್ಕಳ ವಿಷಯ

ನಗರಪಾಲಿಕೆಯ ಹಣಕಾಸು ಸಮಿತಿಯ ಅಧ್ಯಕ್ಷರ ಸನ್ನಿಧಾನಕ್ಕೆ,

ಮಾನ್ಯರೇ,

ಓಕಳಿಪುರಂನಲ್ಲಿ ರೈಲು ಹಳಿಗೆ ಬೆನ್ನು ಕೊಟ್ಟು ನಿಂತಿರುವ ನಮ್ಮ ಹಂಚಿನ ಶಾಲೆಯನ್ನು ಬರುವ ಜೂನ್ ತಿಂಗಳಿಂದ ಮುಚ್ಚಿ, ಅಲ್ಲಿನ ಮಕ್ಕಳನ್ನು ಹಳಿಯಾಚೆಯ ಶಾಲೆಗೆ ಸೇರಿಸಲು ನಿಮ್ಮ ಸಮಿತಿ ತೀರ್ಮಾನಿಸಿದೆ ಎಂದು ಪತ್ರಿಕೆಯಲ್ಲಿ ಓದಿದೆ. ಕಾರಣಗಳು ಎರಡಂತೆ. ಒಂದು, ಶಾಲೆಯಲ್ಲಿ ಸಾಕಷ್ಟು ಮಕ್ಕಳಿಲ್ಲ. ಇನ್ನೊಂದು, ಇರುವ ಕೋಣೆಗಳಲ್ಲೇ ಒಂದು ಉಪಯೋಗವಿಲ್ಲದೆ ಬೀಗ ಹಾಕಿಕೊಂಡಿದೆ. ಆದ್ದರಿಂದ ಸೂರು ರಿಪೇರಿ ಮಾಡಿಸಿಕೊಡಿ ಎಂದು ವರ್ಷಗಳಿಂದ ಬರುತ್ತಿದ್ದ ಅರ್ಜಿಯನ್ನು ಈ ಬಜೆಟ್ಟಿನಿಂದ ಕೈಬಿಟ್ಟಿದ್ದೀರಿ. ಎರಡು ಕಾರಣಗಳೂ ಸುಳ್ಳು. ನೀವು ಸುಳ್ಳು ಬರೆದಿರಿ ಎಂದು ನಾನು ಹೇಳುತ್ತಿಲ್ಲ. ಕಣ್ಣಾರೆ ಕಂಡದ್ದನ್ನೇ ಬರೆದಿದ್ದೀರಿ. ನಿಮ್ಮ ಕಣ್ಣಿಗೆ ಬಿದ್ದದ್ದು ಹೇಗೆ ಬಿತ್ತು, ಬೀಳದೆ ಹೋದದ್ದು ಎಲ್ಲಿತ್ತು ಎಂದು ತಿಳಿಸುವುದಕ್ಕೆ ಈ ಪತ್ರ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ದುಡಿದು ನಿವೃತ್ತಳಾದವಳು. ಮಲ್ಲೇಶ್ವರಂ ವಾಸಿ. ನಿಮ್ಮಂಥ ಎಷ್ಟೋ ದೊಡ್ಡವರಿಗೆ ಟ್ರಂಕ್ ಕಾಲ್ ಜೋಡಿಸಿಕೊಟ್ಟಿದ್ದೇನೆ. ಅವರು ಎಷ್ಟು ಹೊತ್ತು ಮಾತಾಡಿ ಎಷ್ಟು ಕಡಿಮೆ ಹೇಳುತ್ತಾರೆಂಬುದು ನನಗೆ ಹೊಸದಲ್ಲ. ನಮ್ಮ ತಂದೆ ರೈಲ್ವೆಯಲ್ಲಿ ಗುಮಾಸ್ತರಾಗಿದ್ದಾಗ ನಾವು ಓಕಳಿಪುರಂನಲ್ಲಿದ್ದೆವು. ನಾನು ಅಕ್ಷರ ತಿದ್ದಿದ್ದು ಇದೇ ಶಾಲೆಯಲ್ಲಿ. ಆ ಋಣಕ್ಕೆ ಈಗ ಕೆಲವು ಮಧ್ಯಾಹ್ನ ಅಲ್ಲಿಗೆ ಹೋಗಿ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತೇನೆ, ಕಥೆ ಓದಿ ಹೇಳುತ್ತೇನೆ. ನೀವು ಬಂದ ದಿನವೂ ಅಲ್ಲೇ ಇದ್ದೆ. ನಿಮಗೆ ಕಾಫಿ ತಂದುಕೊಟ್ಟವಳು ನಾನೇ. "ಸಕ್ಕರೆ ಸ್ವಲ್ಪ ಕಮ್ಮಿ ಆಯ್ತಮ್ಮ" ಅಂದಿರಿ. ನಿಮಗೆ ನೆನಪಿರಲಿಕ್ಕಿಲ್ಲ.

ದೊಡ್ಡವರು ಬರುತ್ತಾರೆಂದರೆ ನಮ್ಮ ಶಾಲೆಗಳಲ್ಲಿ ಏನೇನು ನಡೆಯುತ್ತದೆ ಎಂಬುದು ನಿಮಗೆ ಗೊತ್ತಿಲ್ಲದಿದ್ದರೆ ಕೇಳಿ. ಬೀದಿಗೆ ಕಾಣುವ ಗೋಡೆಗೆ ಸುಣ್ಣ ಬೀಳುತ್ತದೆ, ಹಿಂದಿನ ಗೋಡೆಗೆ ಬೀಳುವುದಿಲ್ಲ. ಬಾಗಿಲಿಗೆ ಮಾವಿನ ಸೊಪ್ಪಿನ ತೋರಣ. ಮೇಜಿಗೆ ಯಾರದೋ ಮನೆಯಿಂದ ತಂದ ಹೊದಿಕೆ. ಹಿಂದಿನ ದಿನ ಸಂಜೆ ಗಂಟೆ ಹೊಡೆಯುವ ಮುಂಚೆ ಮಕ್ಕಳಿಗೆ ಒಂದು ಅಪ್ಪಣೆ: ಯೂನಿಫಾರಂ ನೆಟ್ಟಗಿರುವವರು ಮಾತ್ರ ನಾಳೆ ಬನ್ನಿ, ಮಿಕ್ಕವರಿಗೆ ರಜ. ಈ ಅಪ್ಪಣೆ ಯಾವ ಸುತ್ತೋಲೆಯಲ್ಲೂ ಇಲ್ಲ. ಆದರೂ ನಿಮ್ಮ ಸುತ್ತೋಲೆಗಳಿಗಿಂತ ಇದೇ ಹೆಚ್ಚು ಶ್ರದ್ಧೆಯಿಂದ ಪಾಲನೆಯಾಗುತ್ತದೆ.

ಮುಖ್ಯೋಪಾಧ್ಯಾಯಿನಿ ಲಕ್ಷ್ಮೀದೇವಮ್ಮನವರನ್ನು ನೀವು ಬರುವ ಹಿಂದಿನ ದಿನವೇ ಕೇಳಿದ್ದೆ. "ಇದೇನ್ರಿ ಇದು, ಅರ್ಧ ಸ್ಕೂಲು ಖಾಲಿಯಾಗೋಗುತ್ತಲ್ಲ?"

"ಏನ್ಮಾಡ್ಲಿ ಅಮ್ಮ? ಹೋದ್ಸಲ ಬಂದಿದ್ದ ಸಾಹೇಬ್ರು ಒಂದು ಮಗು ಅಂಗಿ ಹರ್ದಿತ್ತು ಅಂತ ನನಗೆ ಮೆಮೋ ಕೊಟ್ರು. ಮಕ್ಕಳನ್ನ ಅಚ್ಚುಕಟ್ಟಾಗಿ ಇಟ್ಕೊಂಡಿಲ್ವಂತೆ. ಅಂಗಿ ನಾನು ಹೊಲಿಸ್ಕೊಡ್ಲಾ? ಇನ್ನೊಂದು ಮೆಮೋ ಬಂದ್ರೆ ಇನ್‌ಕ್ರಿಮೆಂಟು ನಿಂತೋಗುತ್ತೆ."

"ಸರಿ, ಆ ಮೂಲೆ ಕೋಣೆ?"

"ಅದಕ್ಕೆ ಬೀಗ ಹಾಕ್ಬಿಡ್ತೀನಿ. ಒಳಗೆ ಹೋದ್ರೆ ಹಂಚು ಗಿಂಚು ಅವರ ತಲೆ ಮೇಲೆ ಬಿದ್ದೀತು."

ಮಾನ್ಯರೇ, ಆ ಮೂಲೆ ಕೋಣೆಯಲ್ಲಿ ಪ್ರತಿದಿನ ಮೂರು ತರಗತಿಯ ಮಕ್ಕಳು ಕೂರುತ್ತಾರೆ. ರಿಪೇರಿ ಕೇಳುತ್ತಿರುವುದೇ ಆ ಸೂರಿಗೆ. ತೊಲೆ ಗೆದ್ದಲು ಹಿಡಿದು ನಡು ಬಗ್ಗಿದೆ. ಕಳೆದ ಮಳೆಗಾಲದಲ್ಲಿ ಪಾಠ ನಡೆಯುತ್ತಿರುವಾಗಲೇ ಹಂಚು ಬಿದ್ದು ಒಬ್ಬ ಹುಡುಗನ ಕಿವಿ ಹರಿದಿತ್ತು. ಮಕ್ಕಳ ತಲೆಯ ಮೇಲೆ ದಿನಾ ಬೀಳಬಹುದಾದದ್ದು ಅಧ್ಯಕ್ಷರ ತಲೆಯ ಮೇಲೆ ಒಂದು ದಿನವೂ ಬೀಳಬಾರದೆಂದು ಹಾಕಿದ ಬೀಗವನ್ನು ನೀವು ನೋಡಿದಿರಿ. ಅದಕ್ಕೂ ತೋರಣ ಕಟ್ಟಿದ್ದರು. "ಈ ರೂಮು?" ಎಂದು ನಿಮ್ಮ ಜೊತೆಯವರು ಕೇಳಿದರು. "ಉಪಯೋಗಿಸ್ತಾ ಇಲ್ಲ ಸಾರ್" ಎಂದರು ಲಕ್ಷ್ಮೀದೇವಮ್ಮ. "ನೋಡ್ರಿ, ರೂಮು ಜಾಸ್ತಿ, ಮಕ್ಕಳು ಕಮ್ಮಿ" ಎಂದು ನೀವು ನಕ್ಕಿರಿ. ನಿಮ್ಮನ್ನು ಕಾಪಾಡಿದ ಬೀಗವೇ ಶಾಲೆಯ ವಿರುದ್ಧ ಸಾಕ್ಷಿಯಾಯಿತು.

ನಾನು ಸುಮ್ಮನಿರಲಿಲ್ಲ. "ಸಾರ್, ಇನ್ನೂ ಮಕ್ಕಳಿದಾರೆ, ಇವತ್ತು..." ಎಂದು ಬಾಯಿ ತೆರೆದೆ. ನಿಮ್ಮ ಹಿಂದೆ ಫೈಲು ಹಿಡಿದು ನಿಂತಿದ್ದವರು ಕೈ ಅಡ್ಡ ಮಾಡಿ, "ಅಮ್ಮಾ, ಏನಿದ್ರೂ ಬರೆದು ಕೊಡಿ" ಎಂದರು. ಇಗೋ, ಬರೆದು ಕೊಡುತ್ತಿದ್ದೇನೆ. ಊರೆಲ್ಲ ಓದಲಿ ಎಂದು ಪತ್ರಿಕೆಗೂ ಕೊಡುತ್ತಿದ್ದೇನೆ.

ಇನ್ನು ನೀವು ಹೊರಟ ಗಳಿಗೆಯ ವಿಷಯ. ಶಾಲೆಯ ಕಾಂಪೌಂಡು ಗೋಡೆ ಮೋಟು. ಅದರಾಚೆ ಒಂದು ಹಿಂಡು ಮಕ್ಕಳು ಗಲ್ಲ ಊರಿಕೊಂಡು ಒಳಗೆ ನಡೆಯುತ್ತಿದ್ದ ಉತ್ಸವ ನೋಡುತ್ತಿದ್ದರು. ಒಳಗೆ ಬೆಂಚಿನ ಮೇಲಿದ್ದವರಿಗಿಂತ ಅವರೇ ಹೆಚ್ಚಿದ್ದರು. ಕಾರು ಹತ್ತಲು ಹೋದವರು ನಿಂತು ನೀವು ಮುಖ ಗಂಟಿಕ್ಕಿದಿರಿ. "ಏನಮ್ಮ ಇದು? ಸ್ಕೂಲು ಮೂಗಿನ ಮುಂದೆ ಇದೆ, ಇಷ್ಟೊಂದು ಮಕ್ಕಳು ಬೀದೀಲಿ ಅಲೀತಿದಾವೆ. ಹೆತ್ತೋರಿಗೆ ಜವಾಬ್ದಾರಿ ಬೇಡ್ವಾ?" ಲಕ್ಷ್ಮೀದೇವಮ್ಮ ನೆಲ ನೋಡಿದರು. ನೀವು ಮನಸ್ಸು ಕರಗಿ, ಒಳಗಿನ ಮಕ್ಕಳಿಗೆ ಹಂಚಿ ಉಳಿದಿದ್ದ ಪೆಪ್ಪರಮೆಂಟಿನ ತಟ್ಟೆ ತರಿಸಿ, ಗೋಡೆಯ ಮೇಲಿಂದ ಕೈ ನೀಡಿ ಕೊಟ್ಟಿರಿ. ಮುಂದೆ ನಿಂತಿದ್ದ ಹುಡುಗಿಯೊಬ್ಬಳನ್ನು ಕೇಳಿದಿರಿ: "ಸ್ಕೂಲಿಗೆ ಹೋಗ್ತೀಯೇನಮ್ಮ?"

"ಹೋಗ್ತೀನಿ ಸಾ. ಇವತ್ತು ನಮಗೆ ರಜ."

"ನೋಡ್ರಿ ಎಷ್ಟು ಚೂಟಿ!" ಎಂದು ನೀವು ಸುತ್ತಲಿದ್ದವರತ್ತ ತಿರುಗಿದಿರಿ. "ಒಳಗೆ ಸ್ಕೂಲು ನಡೀತಾ ಇದೆ, ಈ ಮಹಾರಾಯ್ತಿಗೆ ರಜವಂತೆ!" ಎಲ್ಲರೂ ನಕ್ಕರು. ಡ್ರೈವರು ಕೂಡ ನಕ್ಕ.

ಸ್ವಾಮಿ, ಆ ದಿನ ಆ ಶಾಲೆಯಲ್ಲಿ ನಿಮಗೆ ನಿಜ ಹೇಳಿದವಳು ಅವಳೊಬ್ಬಳೇ. ಗೋಡೆಯಾಚೆ ನಿಂತಿದ್ದವರೆಲ್ಲ ಆ ಶಾಲೆಯ ಮಕ್ಕಳು. ಯಾರನ್ನು ಕಂಡು ಬೀದಿ ಅಲೆಯುವವರೆಂದು ಮರುಗಿದಿರೋ ಅವರೇ ನಿಮ್ಮ ಲೆಕ್ಕಕ್ಕೆ ಬೇಕಾಗಿದ್ದ ಮಕ್ಕಳು. ನಿಮ್ಮ ಕೈಗೂ ಅವರ ಕೈಗೂ ನಡುವೆ ಒಂದು ಪೆಪ್ಪರಮೆಂಟಿನಷ್ಟೇ ಅಂತರವಿತ್ತು. ಆಮೇಲೆ ಕಾರು ಹತ್ತಿ ಹೋಗಿ, ಮಕ್ಕಳಿಲ್ಲ ಎಂದು ಬರೆದಿರಿ.

ಈ ಪದ್ಧತಿ ನಿನ್ನೆ ಮೊನ್ನೆಯದಲ್ಲ. ನಾನು ಅಲ್ಲಿ ಓದುತ್ತಿದ್ದ ಕಾಲದಲ್ಲೂ ಇನ್‌ಸ್ಪೆಕ್ಟರು ಬರುವ ದಿನ ಮೈಮೇಲೆ ಸರಿಯಾದ ಬಟ್ಟೆಯಿಲ್ಲದವರನ್ನು ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಕೂರಿಸುತ್ತಿದ್ದರು. ಒಂದು ಸಲ ರುಮಾಲು ಸುತ್ತಿದ ಮುದುಕರೊಬ್ಬರು ಇನ್‌ಸ್ಪೆಕ್ಟರಾಗಿ ಬಂದರು. ಹಾಜರಿ ಕೂಗಿಸಿದರು. ಹೆಸರಿದೆ, ಮಗುವಿಲ್ಲ. ಅಷ್ಟರಲ್ಲಿ ಕೊಟ್ಟಿಗೆಯಿಂದ ಯಾರೋ ಕೆಮ್ಮಿದರು. ಮುದುಕರು ಕೋಲೂರಿಕೊಂಡು ಹಿಂದಕ್ಕೆ ಹೋದರು, ಬಾಗಿಲು ತೆರೆದರು, ಒಂದು ಸೌದೆ ಕೊರಡಿನ ಮೇಲೆ ಕುಳಿತರು. ಅಲ್ಲೇ ಮಗ್ಗಿ ಕೇಳಿದರು. ಯಾರಿಗೂ ಮೆಮೋ ಕೊಡಲಿಲ್ಲ. ಅವರು ಮಹಾರಾಜರ ಕಾಲದ ನೌಕರರು. ನೀವು ಜನರಿಂದ ಆರಿಸಿ ಬಂದವರು. ಹಾಜರಿ ಪುಸ್ತಕ ನಿಮ್ಮ ಮುಂದೆಯೂ ಇತ್ತು, ಅದರ ಮೇಲೆಯೇ ನೀವು ಕಾಫಿ ಲೋಟ ಇಟ್ಟಿರಿ. ಕೆಮ್ಮುವ ಅಗತ್ಯವೂ ಇರಲಿಲ್ಲ, ಮಕ್ಕಳು ಎದುರಿಗೇ ನಿಂತು ಕೈಬೀಸುತ್ತಿದ್ದರು. ಇದಕ್ಕಿಂತ ಹೆಚ್ಚಾಗಿ ಒಂದು ಶಾಲೆ ತನ್ನ ಮಕ್ಕಳನ್ನು ಹೇಗೆ ತೋರಿಸಬೇಕು?

ಹಣದ ಅಡಚಣೆ ಎನ್ನುತ್ತೀರಿ. ಇರಬಹುದು. ಆದರೆ ಅದೇ ಸಭೆಯಲ್ಲಿ ಸರ್ಕಲ್ಲಿನ ಬಣ್ಣದ ಕಾರಂಜಿಗೆ ಮಂಜೂರಾತಿ ಸಿಕ್ಕಿದ್ದನ್ನೂ ಪತ್ರಿಕೆಯಲ್ಲಿ ಓದಿದೆ. ಬೇಸಿಗೆಯಲ್ಲಿ ಓಕಳಿಪುರಂನ ಹೆಂಗಸರು ಬೀದಿ ನಲ್ಲಿಯ ಮುಂದೆ ಕೊಡ ಸಾಲಿಟ್ಟು ಕಾಯುವ ಊರಿನಲ್ಲಿ ನೀರು ಬಣ್ಣ ಬದಲಿಸಿಕೊಂಡು ಕುಣಿಯಲಿದೆ. ಅದರ ಹಣದಲ್ಲಿ ಎಷ್ಟು ಸೂರು ರಿಪೇರಿಯಾಗುತ್ತಿತ್ತು ಎಂದು ನಾನು ಲೆಕ್ಕ ಹಾಕಲು ಹೋಗುವುದಿಲ್ಲ. ಲೆಕ್ಕ ನಿಮ್ಮ ಸಮಿತಿಯ ಕೆಲಸ. ಅದನ್ನು ಎಷ್ಟು ಚೆನ್ನಾಗಿ ಮಾಡುತ್ತೀರೆಂದು ಈಗಾಗಲೇ ನೋಡಿದ್ದೇವೆ.

ಆ ಚೂಟಿ ಹುಡುಗಿಯ ಹೆಸರು ಗಂಗರತ್ನ. ಐದನೇ ತರಗತಿ. ಅಂದು ಅವಳನ್ನು ಹೊರಗಿಟ್ಟದ್ದು ಲಂಗಕ್ಕೆ ಬೇರೆ ಬಣ್ಣದ ತೇಪೆ ಇತ್ತೆಂದು. ತೇಪೆ ಹಾಕಲು ಹೇಳಿಕೊಟ್ಟವಳು ನಾನೇ, ಅಂದವಾಗಿಯೇ ಹಾಕಿದ್ದಳು. ಅವಳ ತಾಯಿ ಹನುಮಕ್ಕ ಮನೆಯಲ್ಲಿ ಊದುಬತ್ತಿ ಹೊಸೆದು ಸಂಸಾರ ತೂಗಿಸುವವಳು. ನಿಮ್ಮ ತೀರ್ಮಾನ ಹೊರಬಿದ್ದ ಮೇಲೆ ಅವಳ ಮನೆಗೆ ಹೋಗಿದ್ದೆ. ಬತ್ತಿ ಹೊಸೆಯುವ ಹಲಗೆಯಿಂದ ಕೈ ತೆಗೆಯದೆಯೇ ಮಾತಾಡಿದಳು.

"ಹಳಿ ದಾಟ್ಸಿ ಕಳ್ಸಲ್ಲ ಕಣಮ್ಮ. ನಮ್ ದೊಡ್ಡೋನ್ನ ಆ ಹಳೀಗೇ ಕೊಟ್ಟಿದೀನಿ. ಇವ್ಳನ್ನೂ ಕೊಡ್ಲಾ?"

ಅವಳ ಹಿರಿಯ ಮಗ ಹಳಿ ದಾಟುವಾಗ ಹಿಂದೆ ಸರಿಯುತ್ತಿದ್ದ ಗೂಡ್ಸ್ ಗಾಡಿಗೆ ಸಿಕ್ಕಿ ಸತ್ತದ್ದು ಆ ಬೀದಿಗೆಲ್ಲ ಗೊತ್ತು. "ಕೆಳಸೇತುವೆ ದಾರೀಲಿ ಹೋಗ್ಲಿ ಹನುಮಕ್ಕ" ಎಂದೆ.

"ಮಳೆ ಬಂದ್ರೆ ಅಲ್ಲಿ ನೀರು ಎದೆಮಟ್ಟ ನಿಲ್ಲುತ್ತೆ. ನಮ್ ಹುಡ್ಗ ಯಾಕೆ ಹಳಿ ಮೇಲೆ ಹೋದ ಅನ್ಕೊಂಡ್ರಿ?" ಇನ್ನೊಂದು ಕಡ್ಡಿ ಹೊಸೆದಳು. ಆಮೇಲೆ, "ನಿಮ್ ಮಲ್ಲೇಶ್ವರದ ಕಡೆ ಯಾರಾದ್ರೂ ಮನೆಕೆಲ್ಸಕ್ಕೆ ಹುಡ್ಗಿ ಬೇಕಂದ್ರೆ ಹೇಳಮ್ಮ. ಗಟ್ಟಿ ಹುಡ್ಗಿ. ಓದೋದೂ ಬರುತ್ತೆ" ಎಂದಳು. ಗಂಗರತ್ನ ಅಲ್ಲೇ ಗೋಡೆಗೊರಗಿ ಕೂತು ಕಡ್ಡಿ ಎಣಿಸಿ ಕಟ್ಟು ಕಟ್ಟುತ್ತಿದ್ದಳು.

ಮುಸುರೆ ತಿಕ್ಕಲು ಓದು ಬರಬೇಕಾಗಿಲ್ಲ ಎಂದು ಆ ತಾಯಿಗೆ ನಾನು ಹೇಗೆ ಹೇಳಲಿ? ಎಷ್ಟು ಶಾಲೆ ಮುಚ್ಚಿ ಎಷ್ಟು ಹಣ ಉಳಿಸಿದಿರಿ ಎಂದು ನಿಮ್ಮ ವರದಿಯಲ್ಲಿ ಬರುತ್ತದೆ. ಜೂನ್ ತಿಂಗಳಲ್ಲಿ ನಮ್ಮ ಕ್ರಾಸಿನ ಯಾರದೋ ಹಿತ್ತಿಲಲ್ಲಿ ಪಾತ್ರೆ ಮುಂದೆ ಕುಕ್ಕರುಗಾಲಲ್ಲಿ ಕೂರುವವಳು ಯಾವ ಕಲಮಿನಲ್ಲಿ ಬರುತ್ತಾಳೆ? ಹನುಮಕ್ಕ ಕೇಳಿದ ಕೆಲಸವನ್ನು ನಾನು ಹುಡುಕಿಕೊಡುವುದಿಲ್ಲ. ಆ ಹೊಣೆ ಬೇಕಾದರೆ ಸಮಿತಿಯೇ ಹೊರಲಿ, ಠರಾವು ಮಾಡಿ.

ನನ್ನ ಒತ್ತಾಯ ಇಷ್ಟು. ತೀರ್ಮಾನವನ್ನು ತಡೆಹಿಡಿಯಿರಿ. ಯಾರಿಗೂ ತಿಳಿಸದೆ, ಮಳೆ ಬರುವ ಒಂದು ಸಾಧಾರಣ ದಿನ ಬನ್ನಿ. ಸುಣ್ಣವಿರುವುದಿಲ್ಲ, ಕಾಫಿಯೂ ಸಿಗಲಾರದು. ಮೂಲೆ ಕೋಣೆಯಲ್ಲಿ ಆ ತೊಲೆಯ ಕೆಳಗೆ ಮಕ್ಕಳ ಜೊತೆ ಒಂದು ಪಿರಿಯಡ್ ಕುಳಿತುಕೊಳ್ಳಿ. ಆಮೇಲೆ ಬಜೆಟ್ಟು ಬರೆಯಿರಿ. ಲಕ್ಷ್ಮೀದೇವಮ್ಮನವರಿಗೆ ಇನ್ನೊಂದು ಮೆಮೋ ಬೇಡ. ಈ ಪತ್ರ ಬರೆಯುತ್ತೇನೆಂದಾಗ ಅವರೇ ಹೇಳಿದರು: "ಬರೀರಿ ಅಮ್ಮ. ಸ್ಕೂಲೇ ಇಲ್ಲ ಅಂದ್ಮೇಲೆ ಮೆಮೋ ಯಾವ ಅಡ್ರೆಸ್ಸಿಗೆ ಕಳಿಸ್ತಾರೆ?"

ಇಷ್ಟಾದರೂ ನಿಮ್ಮ ತೀರ್ಮಾನವೇ ನಿಲ್ಲುವುದಾದರೆ, ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ದಿನ ಬೆಳಗ್ಗೆ ಹಳಿಯ ಪಕ್ಕ ಬಂದು ನಿಲ್ಲಿ. ಗಂಗರತ್ನ ನಿಮ್ಮ ಗುರುತು ಹಿಡಿಯುತ್ತಾಳೆ, ಪೆಪ್ಪರಮೆಂಟು ಕೊಟ್ಟವರನ್ನು ಮಕ್ಕಳು ಮರೆಯುವುದಿಲ್ಲ. ಅಂದು ಕೇಳಿದ್ದನ್ನೇ ಮತ್ತೆ ಕೇಳಿ, ಸ್ಕೂಲಿಗೆ ಹೋಗ್ತೀಯೇನಮ್ಮ ಎಂದು. ಈ ಸಲ ಅವಳು ಏನು ಹೇಳಿದರೂ ದಯವಿಟ್ಟು ನಗಬೇಡಿ.

ಇಂತಿ,
ಸಕ್ಕರೆ ಕಮ್ಮಿಯಾದ ಕಾಫಿಯ ಹೊರತು ನಿಮ್ಮ ಲೆಕ್ಕಕ್ಕೆ ಏನೂ ಸೇರಿಸಲಾಗದ,
ರಂಗನಾಯಕಿ
ಮಲ್ಲೇಶ್ವರಂ, ಮಾರ್ಚ್ ೧೯೮೧