ಚರಗಕ್ಕೆ ಹೋದ ಚೀಲ

ಮಲ್ಲಟ
6 ಜನವರಿ 2025

ಪ್ರೀತಿಯ ತಮ್ಮ ಅಂಬರೇಶನಿಗೆ,

ಪ್ರೀತಿಯ ಎಂದು ಬರೆದದ್ದು ರೂಢಿಗೆ. ಇವತ್ತು ನಿನ್ನ ಮೇಲೆ ಮೈಯೆಲ್ಲ ಉರಿಯುತ್ತಿದೆ. ಆದರೂ ಕೇಳುತ್ತೇನೆ, ಆರಾಮವಾಗಿದ್ದೀಯಾ? ಆಂಧ್ರದ ಆ ಕೈಕಲೂರಿನ ಮೀನುಹೊಂಡಗಳಲ್ಲಿ ಕೆಲಸಕ್ಕೆ ನಿಂತು ನಿಂತು ಕಾಲ್ಬೆರಳ ಸಂದಿ ಹುಣ್ಣಾಗಿತ್ತಲ್ಲ, ಮಾಯಿತೇ? ಯವ್ವ ದಿನಾ ಕೇಳುತ್ತಾಳೆ. ಫೋನಿನಲ್ಲಿ ಬೈದರೆ ‘ಸಿಗ್ನಲ್ ಇಲ್ಲಕ್ಕಾ’ ಎಂದು ಇಟ್ಟುಬಿಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕಳಿಸಿದ ಚೀಲ ಬಂತು. ಅದು ನೆಲದಿಂದ ತೆಗೆದ ಖನಿಜದ ಪುಡಿ, ಮೇವಿನಲ್ಲಿ ಕಲಸಿ ಹಾಕಿದರೆ ಮೀನು ರೋಗವಿಲ್ಲದೆ ಬೆಳೆಯುತ್ತದೆ, ಮಾಂಸ ಗಟ್ಟಿಯಾಗಿ ರುಚಿ ಬರುತ್ತದೆ ಎಂದು ನನಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ. ಯಾಕೆಂದರೆ ನೀನು ಫೋನ್ ಮಾಡಿದ್ದು ಹುಸೇನಪ್ಪ ಕಾಕಾನಿಗೆ! ದಿನಾ ತವುಡು, ಶೇಂಗಾ ಹಿಂಡಿ ಕಲಸಿ ನಮ್ಮ ಹೊಂಡಕ್ಕೆ ಹಾಕುವವಳು ನಾನು. ಕಾಕಾ ಆ ಕಡೆ ಬರುವುದು ಮೀನು ತಿನ್ನುವ ಮನಸ್ಸಾದಾಗ ಮಾತ್ರ. ಮನೆಯ ಗಂಡಸು ಎಂದು ನೀನು ಅವನಿಗೆ ಹೇಳಿದೆ, ಅಲ್ಲವೇ? ಅದೂ ಏನೆಂದು? ‘ಹೊಂಡಕ್ಕ ಹಾಕು ಕಾಕಾ, ಮೀನಿಗೆ ಭಾಳ ಚಲೋ.’

ಅವನು ಎಳ್ಳಮಾವಾಸ್ಯೆಗೆ ಕಾದ. ಹಬ್ಬದ ಅಡಿಗೆಯನ್ನು ಹೊಲಕ್ಕೆ ಚರಗವೆಂದು ಚೆಲ್ಲುವಂತೆ ಹೊಂಡಕ್ಕೂ ಚೆಲ್ಲಬೇಕೆಂದು ಸಜ್ಜೆ ಕಡುಬು, ಪುಂಡಿಪಲ್ಯ, ಬುಟ್ಟಿಗಟ್ಟಲೆ ಅನ್ನದ ಜೊತೆ ಇಡೀ ಚೀಲ ಬೆರೆಸಿ, ‘ಹುಲ್ಲುಲ್ಲಿಗೋ’ ಎಂದು ಚರಗದ ಕೂಗು ಹಾಕುತ್ತ ಎರಚಿದ. ನಾನು ಓಡಿ ಬರುವಷ್ಟರಲ್ಲಿ ಚೀಲ ಖಾಲಿ. ‘ಭೂಮ್ತಾಯಿಗೆ ಕೊಟ್ಟಂಗ ಗಂಗವ್ವಗೂ ಕೊಟ್ಟೀನಿ, ಯಾಕ ಬಾಯಿ ಮಾಡಾಕತ್ತಿ?’ ಎಂದು ನನ್ನನ್ನೇ ಗದರಿಸಿದ. ಪುಡಿ ತಳಕ್ಕೆ ಹೋಯಿತು, ಅನ್ನ ಕೊಳೆತು ನೀರು ಕೆಟ್ಟಿತು, ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ಆ ಚಳಿಯಲ್ಲಿ ಎದೆಮಟ್ಟದ ನೀರಿಗಿಳಿದು, ಕೊಳೆತದ್ದನ್ನು ಬಲೆಯಲ್ಲಿ ಬಾಚಿ, ಕಾಲುವೆಯ ಹೊಸ ನೀರು ಬಿಟ್ಟು ಅರ್ಧದಷ್ಟು ಮೀನು ಉಳಿಸಿಕೊಂಡೆ. ಮಾನ್ವಿಯಲ್ಲಿ ಯಾವಾಗಲೂ ನಮ್ಮ ಮೀನನ್ನೇ ಕೊಳ್ಳುವ ಖಾನಾವಳಿಯ ಹಫೀಜ್ ಚಾಚಾ ಮೂಸಿ ನೋಡಿ, ‘ಕೆಸರು ವಾಸನಿ ಹೊಡ್ಯಾಕತ್ತದ ಬೇಟಿ. ಇನ್ನೊಮ್ಮೆ ಹಿಂಗಾದ್ರ ತರಬ್ಯಾಡ’ ಎಂದರು. ಜನರ ಮುಂದೆ ತಲೆ ತಗ್ಗಿಸಿ ಬಂದೆ. ಕಾಕಾ ಮಾತ್ರ ಕಟ್ಟೆಯ ಮೇಲೆ ಎಲೆಅಡಿಕೆ ಜಗಿಯುತ್ತ ಕೂತಿದ್ದಾನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಯವ್ವ ನಿನ್ನ ತಲೆಯ ಮೇಲೆ ಕೈಯಿಟ್ಟಿದ್ದಾಳೆ ಎಂದು ತಿಳಿ.

ನಿನ್ನ ಅಕ್ಕ,
ಹುಲಗೆಮ್ಮ

ತಾ.ಕ.: ಇನ್ನೊಂದು ಚೀಲ ಕಳಿಸು, ನನ್ನ ಹೆಸರಿಗೆ. ಎಷ್ಟು ಮೇವಿಗೆ ಎಷ್ಟು ಪುಡಿ ಎಂದು ನನಗೇ ಹೇಳು. ಹೊಂಡದ ಸುತ್ತ ನಿನ್ನೆ ಮುಳ್ಳುಬೇಲಿ ಹಾಕಿಸಿದ್ದೇನೆ, ಅದರ ಬಾಗಿಲಿನ ಬೀಗದ ಕೀಲಿ ನನ್ನ ಸೊಂಟದಲ್ಲಿದೆ. ಕಾಕಾನಿಗೆ ಹೇಳಿಯಾಯಿತು, ನಿನಗೂ ಹೇಳುತ್ತಿದ್ದೇನೆ: ಊರಿಗೆ ಬಂದಾಗ ನನ್ನನ್ನು ಕೇಳಿ ಒಳಗೆ ಬಾ.