ನೆನಪಿನ ಪರೀಕ್ಷೆಗೆ ಸಕ್ಕರೆ ಅಚ್ಚಿನ ಬಹುಮಾನ

ಮಾನ್ಯ ಆರೋಗ್ಯಾಧಿಕಾರಿಗಳೇ,

ಮರೆವಿನ ಕಾಯಿಲೆಯ ಜಾಗೃತಿ ಶಿಬಿರದಲ್ಲಿ, ಸಕ್ಕರೆ ಕಾಯಿಲೆಯಿರುವ ನನ್ನ ಹೆಂಡತಿಗೆ ತಾವು ಸ್ವಹಸ್ತದಿಂದ ಒಂದು ತಟ್ಟೆ ಸಕ್ಕರೆ ಅಚ್ಚು ದಯಪಾಲಿಸಿದ್ದೀರಿ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕಂತೆ. ತಿಂದು ನೋಡಿದೆ, ಆಗುತ್ತಿಲ್ಲ.

ಸಂಕ್ರಾಂತಿಗೆ ಮೂರು ದಿನ ಮುಂಚೆ ಗುಬ್ಬಿಯ ನಮ್ಮ ಬಡಾವಣೆಯಲ್ಲಿ ನಡೆದ ಆ ಶಿಬಿರದಲ್ಲಿ ತಮ್ಮ ಭಾಷಣ ಚೆನ್ನಾಗಿಯೇ ಇತ್ತು. ರಕ್ತದಲ್ಲಿ ಹೆಚ್ಚಾದ ಸಕ್ಕರೆ ಮೈಯ ಪ್ರೋಟೀನುಗಳಿಗೆ ಅಂಟಿ ಅವನ್ನು ಕೆಡಿಸುತ್ತದೆ, ಮಿದುಳಿನಲ್ಲಿ ಕಸ ಸೇರದಂತೆ ಕಾಯುವ ಪ್ರೋಟೀನೂ ಹಾಗೆ ಕೆಟ್ಟು ಕೂತರೆ ಅಲ್ಜೈಮರ್ಸ್‌ಗೆ ದಾರಿಯಾಗಬಹುದು, ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ ಎಂದಿರಿ. ಮೂವತ್ತು ವರ್ಷ ಕುಣಿಗಲ್ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ನನಗೂ ಅರ್ಥವಾಯಿತು. ಆಮೇಲೆ ನೆನಪಿನ ಪರೀಕ್ಷೆ. ಗಿಳಿ, ಬಸವ, ಆನೆ, ಮಂಟಪ, ತುಳಸಿಕಟ್ಟೆ, ಹೀಗೆ ಐದು ಸಕ್ಕರೆ ಅಚ್ಚು ತೋರಿಸಿ ಟವೆಲ್ ಮುಚ್ಚಿದಿರಿ. ಐದನ್ನೂ ಹೇಳಿದವರಿಗೆ ಅವೇ ಬಹುಮಾನ. ನನ್ನ ಗಂಗಾಂಬಿಕೆ ಎರಡು ಹೇಳಿ ನಿಂತಳು. ಸೋತವರಿಗೆ ಬೇಜಾರಾಗಬಾರದೆಂದು ಅವಳಿಗೆ ಎಂಟು ಕೊಟ್ಟಿರಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ ಸ್ವಾಮಿ?

ಹಬ್ಬದ ದಿನ ಎಳ್ಳು ಬೀರಲು ಹೊರಟವಳು ಪಕ್ಕದ ಚೆನ್ನಮ್ಮನವರ ಮನೆಗೆ ಮೂರು ಸಲ ಹೋದಳು. ಹೋಗಿದ್ದನ್ನು ಮರೆತು ಮತ್ತೆ ಹೋಗುವುದು, ಹೋದಾಗಲೆಲ್ಲ ಅಚ್ಚು ಸಿಗುವುದು, ಅದನ್ನು ದಾರಿಯಲ್ಲೇ ತಿನ್ನುವುದು. ನಾನು ಜಗಳಕ್ಕೆ ಹೋದರೆ ಚೆನ್ನಮ್ಮನವರು, "ಹಬ್ಬದ ದಿನ ಬಂದೋರ ತಟ್ಟೆ ಬರಿದಾಗಿ ಕಳ್ಸಕ್ಕಾಯ್ತದಾ ಸದಾಶಿವಣ್ಣ? ಮೂರ್ನೇ ಸಲ ಚಿಕ್ಕದೇ ಕೊಟ್ಟಿದೀನಿ ಬುಡಿ" ಎಂದರು.

ನಾಲ್ಕನೆಯ ಸಲ ಅವಳು ಬಂದದ್ದು ನಮ್ಮ ಮನೆಗೇ. ಬಾಗಿಲು ತಟ್ಟಿ, ತಟ್ಟೆ ಚಾಚಿ, "ಎಳ್ಳು ತಗೊಳ್ಳಿ. ನಿಮ್ಮನೇಲಿ ಹೆಂಗಸ್ರು ಯಾರೂ ಇಲ್ವಾ?" ಎಂದಳು. ತಮಾಷೆಯೆಂದು ನಾನು ನಕ್ಕೆ. ಅವಳು ನಗಲಿಲ್ಲ. ಆಗ ನನಗೆ ನಿಜಕ್ಕೂ ಭಯವಾಯಿತು.

"ಅವ್ಳೆ. ಎಳ್ಳು ಬೀರಕ್ಕೆ ಹೋಗವ್ಳೆ. ಬರ್ತಾಳೆ, ಕೂತ್ಕೊಳ್ಳಿ" ಎಂದೆ.

ಹತ್ತು ನಿಮಿಷಕ್ಕೆ ಬಂದಳು. ಅಂದರೆ, ಕೂತಿದ್ದವಳಿಗೆ ನೆನಪು ಬಂತು, ನನ್ನನ್ನೇ ಬೈದು ಒಳಗೆ ಹೋದಳು. ಆ ಬೈಗುಳ ಎಷ್ಟು ಹಿತವಾಗಿತ್ತೆಂದು ತಮಗೆ ಹೇಗೆ ಹೇಳಲಿ?

ತಮ್ಮ ಚೀಟಿಯಲ್ಲಿ ಮುಂದಿನ ಪರೀಕ್ಷೆ ಮುಂದಿನ ಸಂಕ್ರಾಂತಿಗೆ ಎಂದಿದೆ. ಅಷ್ಟು ದಿನ ಕಾಯಲಾರೆ. ಭಾಷಣ ಬೇಡ, ಬಹುಮಾನ ಖಂಡಿತ ಬೇಡ. ಮರೆವಿಗೆ ಮದ್ದು ಬಲ್ಲ ಡಾಕ್ಟರೊಬ್ಬರನ್ನು ತಿಂಗಳಿಗೊಮ್ಮೆಯಾದರೂ ಇಲ್ಲಿಗೆ ಕಳಿಸಿ. ಬಸ್ಸಿನಲ್ಲಿ ನಿದ್ದೆ ಹೋದವರನ್ನೆಲ್ಲ ಅವರವರ ಸ್ಟಾಪಿನಲ್ಲಿ ಎಬ್ಬಿಸಿ ಇಳಿಸಿದವನು ನಾನು. ಇವಳೊಬ್ಬಳು ತನ್ನ ಸ್ಟಾಪು ದಾಟಿ ಹೋಗದಂತೆ ನೋಡಿಕೊಳ್ಳಲು ನನ್ನೊಬ್ಬನ ಕೈಲಾಗದು.

ಇಂತಿ,
ಸ್ವಂತ ಹೆಂಡತಿಯಿಂದಲೇ ಎಳ್ಳು ಬೀರಿಸಿಕೊಂಡ
ಸದಾಶಿವಯ್ಯ