ಸಾಹೇಬನ ಬಾಯಿಗೆ ಬುಟ್ಟಿ

ಮಾರ್ಚ್ 3, ಬೆಳಗ್ಗೆ

ಸಾಹೇಬ ಮತ್ತೆ ಹೊಟ್ಟೆ ಕೆರೆದು ರಕ್ತ ಮಾಡಿಕೊಂಡಿದ್ದಾನೆ. ಗಾಜಿನ ಕಟಿಂಗ್ ಟೇಬಲ್ ಕೆಳಗೆಲ್ಲ ಕಲೆ. ಒರೆಸಿ, ಎರಡು ಕನ್ನಡಿ ಕತ್ತರಿಸಿಟ್ಟು, ಆಮೇಲೆ ನಾಯಿಯನ್ನು ಪಶು ಆಸ್ಪತ್ರೆಗೆ.

ಮಧ್ಯಾಹ್ನ

ಹೋದ ವಾರ ತೆಗೆದ ಚರ್ಮದ ಚೂರಿನ ರಿಪೋರ್ಟ್ ಬಂದಿತ್ತು. ಕಜ್ಜಿ ಅಂದುಕೊಂಡಿದ್ದೆ. ಅಲ್ಲ. ಲಿಂಫೋಮಾ — ಚರ್ಮದ ಕ್ಯಾನ್ಸರ್. ತುಟಿಯ ಹುಣ್ಣು, ಮೂಗು ಬೆಳ್ಳಗಾದದ್ದು, ಎಲ್ಲ ಅದೇ. ವಾಸಿಯಾಗುವುದಿಲ್ಲವಂತೆ. ಕೀಮೋ ಕೊಟ್ಟರೆ ಕೆಲವು ತಿಂಗಳು ನೆಮ್ಮದಿಯಾಗಿರಬಹುದು. ಮೂರು ವಾರಕ್ಕೊಂದು ಕ್ಯಾಪ್ಸೂಲ್, ದಿನಾ ಸ್ಟಿರಾಯ್ಡ್ ಮಾತ್ರೆ, ನಡುನಡುವೆ ರಕ್ತಪರೀಕ್ಷೆ. ಕ್ಯಾಪ್ಸೂಲ್ ಒಡೆಯಬಾರದು. ಅವನ ಉಚ್ಚೆ ಒರೆಸುವಾಗಲೂ ಗ್ಲೌಸ್ ಹಾಕಬೇಕು.

ಕಚ್ಚುತ್ತಾನಾ ಎಂದು ಡಾಕ್ಟರಮ್ಮ ಕೇಳಿದರು. “ಅಣ್ಣನನ್ನು ಮಾತ್ರ” ಅಂತ ನಾನು ಹೇಳಲಿಲ್ಲ. ಬಾಯಿಗೆ ಕಟ್ಟುವ ತಂತಿ ಬುಟ್ಟಿ ತರಲು ಹೇಳಿದರು.

ಸಂಜೆ

ಕೆಲವು ತಿಂಗಳು. ಆಮೇಲೆ ನನ್ನ ಗತಿ?

ಅಪ್ಪ ಈ ಗಾಜಿನಂಗಡಿಯನ್ನು ಇಬ್ಬರಿಗೂ ಬಿಟ್ಟು ಸತ್ತ. ನಾನು ತೊಲಗಬೇಕು ಅನ್ನುವುದು ಅಣ್ಣನ ಹಟ. ತೊಲಗುವುದಿಲ್ಲ ಅಂದಾಗೆಲ್ಲ ಕೈ ಎತ್ತುತ್ತಿದ್ದ. ಕಳೆದ ವರ್ಷ ಸಾಹೇಬ ಅವನ ಮುಂಗೈ ಹಿಡಿದು ಜಗ್ಗಿದ ಮೇಲೆ ಬರೀ ಬಾಯಲ್ಲಿ ಹೊಡೆಯುತ್ತಾನೆ. ಅದಕ್ಕೆ ಬ್ಯಾಂಡೇಜ್ ಬೇಕಾಗುವುದಿಲ್ಲ.

ಮಾರ್ಚ್ 9

ಮೊದಲ ಕ್ಯಾಪ್ಸೂಲ್. ಬೇಯಿಸಿದ ಮೊಟ್ಟೆಯೊಳಗೆ ಹುದುಗಿಸಿ ಕೊಟ್ಟೆ. ಮೊಟ್ಟೆ ತಿಂದು ಕ್ಯಾಪ್ಸೂಲ್ ಉಗಿದ — ಸಾಹೇಬ ಅಂತ ಹೆಸರಿಟ್ಟದ್ದು ನಾನೇ ಅಲ್ಲವೇ, ಅನುಭವಿಸಬೇಕು. ಎರಡನೇ ಸಲ ನುಂಗಿದ.

ಮಾರ್ಚ್ 16

ಸ್ಟಿರಾಯ್ಡ್‌ಗೆ ಬರೀ ನೀರು ಕುಡಿಯುತ್ತಾನೆ, ಬರೀ ಉಚ್ಚೆ. ಕೆರೆತ ಮಾತ್ರ ಕಡಿಮೆ. ಆದರೆ ಕ್ಯಾಪ್ಸೂಲ್‌ನಿಂದ ರಕ್ತದಲ್ಲಿ ಬಿಳಿ ಕಣ ತೀರಾ ಇಳಿದಿದೆ. ಸಣ್ಣ ಗಾಯ ನಂಜಾದರೂ ಜೀವಕ್ಕೇ ಬರಬಹುದು ಅಂದರು ಡಾಕ್ಟರಮ್ಮ.

ಅಣ್ಣ ಬುಟ್ಟಿ ನೋಡಿದ. “ಇದನ್ನ ಯಾವಾಗ್ಲೂ ಹಾಕಿಡು. ಕಾಯಿಲೆ ನಾಯಿ, ಗಿರಾಕೀನ ಕಚ್ಚಿದ್ರೆ ಯಾರು ಜವಾಬ್ದಾರಿ?” ಗಿರಾಕಿಯ ಮೇಲೆ ಅವನಿಗೆ ಇಷ್ಟು ಕಾಳಜಿ ಯಾವಾಗಿಂದ? ಆದರೂ ಹಾಕಿದೆ.

ಮಾರ್ಚ್ 18

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಬೆರಳು ಊದಿವೆ.

ನಿನ್ನೆ ಸಂಜೆ ಅಣ್ಣ ಒಳಗಿನಿಂದ ಶಟರ್ ಎಳೆದ. ಗಾಜು ಅಳೆಯುವ ಮರದ ಸ್ಕೇಲ್ ತೆಗೆದುಕೊಂಡ. ನನ್ನ ಭುಜಕ್ಕೆ, ಕೆನ್ನೆಗೆ, ಅಡ್ಡ ಹಿಡಿದ ಬೆರಳಿಗೆ ಬಾರಿಸಿದ. ಸಾಹೇಬ ಹಾರಿದ. ಬಾಯಿಗೆ ಬುಟ್ಟಿ. ತಂತಿಯಲ್ಲೇ ಗುದ್ದಿದ, ಮತ್ತೆ ಮತ್ತೆ. ತಂತಿ ತುಟಿಯ ಹುಣ್ಣಿಗೆ ಕಚ್ಚಿಕೊಂಡು ರಕ್ತ ಕನ್ನಡಿಗಳ ಮೇಲೆಲ್ಲ ಚಿಮ್ಮಿತು. ಅಣ್ಣ ನಕ್ಕ. “ಈಗ ಕಚ್ಚಿಸು, ನೋಡೋಣ” ಅಂದ. ಸಾಹೇಬನ ಪಕ್ಕೆಗೆ ಒದ್ದ. ಒಂದು ಕನ್ನಡಿ ಬಿದ್ದು ಪುಡಿಯಾಯಿತು. ಆ ಚೂರುಗಳ ಮೇಲೆ ನಡೆದು ಸಾಹೇಬ ಮತ್ತೆ ಬಂದ...

ಅವನ ಬಾಯಿ ಕಟ್ಟಿದ್ದು ನಾನು. ನನ್ನ ಕೈಯಾರೆ.

ಮಾರ್ಚ್ 26

ಸಾಹೇಬನಿಗೆ ವಾರವಿಡೀ ಜ್ವರ, ಡ್ರಿಪ್, ಆಂಟಿಬಯಾಟಿಕ್. ಇವತ್ತು ಎದ್ದು ನಿಂತ. ನಾಯಿ ಮೆಟ್ಟಿಲಿಂದ ಬಿತ್ತು ಅಂದಿದ್ದೆ. “ನಿಮ್ಮ ಕೆನ್ನೇನೂ ಅದೇ ಮೆಟ್ಟಿಲಿಂದ ಬಿತ್ತಾ?” ಎಂದರು ಡಾಕ್ಟರಮ್ಮ. ಪೊಲೀಸರ ನಂಬರ್ ಬರೆದುಕೊಟ್ಟರು. ಫೋನ್ ಮಾಡಿದೆ. ಮನೆ ಜಗಳ, ಮಾತಾಡಿ ಬಗೆಹರಿಸಿಕೊಳ್ಳಿ ಅಂದರು.

ಮಾರ್ಚ್ 30

ಎರಡನೇ ಕ್ಯಾಪ್ಸೂಲ್. ಕಿವಿಯ ಹಿಂದೆ ಉದುರಿದ್ದ ಕಡೆ ಹೊಸ ಕೂದಲು ಬರುತ್ತಿದೆ. ಬಹಳ ಹೊತ್ತು ಸವರಿದೆ.

ಏಪ್ರಿಲ್ 6, ಸಂಜೆ

ಬಿಳಿ ಕಣ ಮತ್ತೆ ಕೆಳಗೆ. ಬೆಳಗ್ಗೆ ಅಣ್ಣ ಹೊರಗೆ ಹೋಗುವಾಗ ಹೇಳಿದ, “ಬುಟ್ಟಿ ಹಾಕಿಡು. ಸಂಜೆ ಬಂದು ಮಾತಾಡೋದಿದೆ.”

ಮಧ್ಯಾಹ್ನ ಬುಟ್ಟಿಯ ಪಟ್ಟಿಯನ್ನು ಬ್ಲೇಡಿನಲ್ಲಿ ಅರ್ಧ ಕೊಯ್ದೆ. ಒಮ್ಮೆ ತಲೆ ಕೊಡವಿದರೆ ಕಿತ್ತು ಬೀಳಬೇಕು. ಅಣ್ಣನ ಕುತ್ತಿಗೆ ನೆನೆಸಿಕೊಂಡೆ. ಸುಳ್ಳು ಯಾಕೆ, ಖುಷಿಯಾಯಿತು.

ಆಗ ಸಾಹೇಬ ಆಕಳಿಸಿದ. ತುಟಿಯೊಳಗೆ ಈಗಷ್ಟೇ ಮೂಡಿದ ಎಳೆ ಚರ್ಮ. ಇನ್ನೊಂದು ಒದೆತ ಬಿದ್ದರೆ, ಒಂದು ಗಾಜು ತಗುಲಿದರೆ ಮುಗಿಯಿತು. ಅವನಿಗಿರುವುದೇ ಕೆಲವು ತಿಂಗಳು. ಅದನ್ನೂ ನನಗಾಗಿಯೇ ಖರ್ಚು ಮಾಡಲೇ?

ಬುಟ್ಟಿ ಕಸಕ್ಕೆ ಎಸೆದೆ. ಅವನನ್ನು ಹಿಂದಿನ ಕೋಣೆಗೆ ಬಿಟ್ಟು ಚಿಲಕ ಹಾಕಿದೆ. ಉಚ್ಚೆ ಒರೆಸಿ ತೆಳು ಗ್ಲೌಸ್ ಬಿಚ್ಚಿದೆ. ಗಾಜು ಹೊರುವ ದಪ್ಪ ಗ್ಲೌಸ್ ಮೇಜಿನ ಮೇಲಿದೆ. ಒಂದನ್ನು ಹಾಕಿಕೊಂಡಿದ್ದೇನೆ. ಇನ್ನೊಂದು, ಬರೆಯುವುದು ಮುಗಿದ ಮೇಲೆ. ಸ್ಕೇಲ್ ನನ್ನ ಮಡಿಲಲ್ಲಿದೆ.

ಬೈಕ್ ನಿಂತಿತು. ಅಣ್ಣ ಶಟರ್ ಎತ್ತುತ್ತಿದ್ದಾನೆ. ಸಾಹೇಬನಿಗೆ ವಾಸನೆ ಸಿಕ್ಕಿತು, ಬಾಗಿಲು ಪರಚುತ್ತಿದ್ದಾನೆ. ಬೇಡ ಮರಿ, ಮಲಕ್ಕೋ. ಇವತ್ತು ನಾನೇ —